ಸಂಕಲ್ಪಕ್ಕೂ ಕಾರ್ಯಕ್ಕೂ ನಡುವೆ

ಮನಸ್ಸಿದ್ದರೆ ಮಾರ್ಗವುಂಟೆಂಬ ಮಾತು ನಮ್ಮ ಜನದಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ವಿದ್ಯಾರ್ಥಿಯೊಬ್ಬನು ಪರೀಕ್ಷೆಯಲ್ಲಿ ಎಡವಿದಾಗ ಅವನಿಗೆ ಬುದ್ಧಿ ಸಾಲದೆಂದೋ, ಇಲ್ಲವೆ ಮನಸ್ಸು ಇಲ್ಲವೆಂದೋ ಎರಡರಲ್ಲೊಂದನ್ನು ನಾವು ನಿಶ್ಚಯಿಸಿಬಿಡುತ್ತೇವೆ. ಮೂರನೆಯ ಕಾರಣವೊಂದು ಇರಬಹುದೆಂಬ ಶಂಕೆಯೇ ನಮ್ಮಲ್ಲಿ ಹುಟ್ಟುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿಯೂ ಪಿಯುಸಿಯಲ್ಲಿಯೂ ಡಿಸ್ಟಿಂಕ್ಷನ್ ಪಡೆದು, ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು ಗಳಿಸಿ, ಬಂಧುವರ್ಗದ ಪ್ರಶಂಸೆಗೆ ಪಾತ್ರನಾಗಿ ಇಂಜಿನಿಯರಿಂಗ್ ಕಾಲೇಜನ್ನು ಸೇರಿದ ಹುಡುಗನು ಎರಡನೆಯ ಸೆಮಿಸ್ಟರು ಮುಗಿಯುವ ಹೊತ್ತಿಗೆ ಮೂರು ನಾಲ್ಕು ವಿಷಯಗಳನ್ನು ಬಾಕಿ ಉಳಿಸಿಕೊಂಡನೆಂದರೆ, ಅಂಥವನಿಗೆ ಬುದ್ಧಿಯಿಲ್ಲವೆಂದು ಹೇಳುವಂತಿಲ್ಲವಾದ್ದರಿಂದ, ಅವನು ಸೋಮಾರಿಯಾದನು, ಮೊಬೈಲು ಅವನನ್ನು ಕೆಡಿಸಿತು, ಸಹವಾಸ ಸರಿಯಿಲ್ಲ ಎಂಬ ತೀರ್ಪು ಮನೆಯ ಪಡಸಾಲೆಯಲ್ಲಿಯೇ ಹೊರಬೀಳುತ್ತದೆ. ಹೀಗೆ ತೀರ್ಪಿಗೆ ಗುರಿಯಾದ ತರುಣ ತರುಣಿಯರಲ್ಲಿ ಕೆಲವರಾದರೂ ಎ.ಡಿ.ಎಚ್.ಡಿ. ಎಂದು ವೈದ್ಯರು ಕರೆಯುವ, ಅವಧಾನವನ್ನೂ ಆತ್ಮನಿಯಂತ್ರಣವನ್ನೂ ಬಾಧಿಸುವ ಒಂದು ಜನ್ಮಜಾತ ನ್ಯೂನತೆಯೊಡನೆ ಹೆಣಗುತ್ತಿರುವವರು. ಅವರಿಗೆ ಬೇಕಾದ ನೆರವು ಯಾವ ಬಗೆಯದು, ಅದನ್ನು ಎಲ್ಲಿ ಇರಿಸಬೇಕು, ಯಾರು ನೀಡಬೇಕು ಎಂಬುದನ್ನು ವಿಚಾರಮಾಡುವುದು ಇಲ್ಲಿನ ಉದ್ದೇಶ.

ಇದು ಈಚಿನವರ ಕಲ್ಪನೆಯೆಂದು ತಳ್ಳಿಹಾಕುವವರು ಇದರ ಚರಿತ್ರೆಯನ್ನು ಒಂದಿಷ್ಟು ಗಮನಿಸುವುದು ಒಳ್ಳೆಯದು. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ 1798ರಲ್ಲಿ ಪ್ರಕಟಿಸಿದ ಮನೋವಿಕಾರಗಳ ಗ್ರಂಥದಲ್ಲಿ, ಚಿತ್ತವನ್ನು ಒಂದು ವಿಷಯದ ಮೇಲೆ ನಿಲ್ಲಿಸಲಾರದ ಅಶಕ್ತಿಯು ಕೆಲವರಿಗೆ ಹುಟ್ಟಿನಿಂದಲೇ ಬಂದಿರಬಹುದೆಂದು ಬರೆದಿದ್ದಾನೆ. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯನು ಲಂಡನ್ನಿನ ವೈದ್ಯಪರಿಷತ್ತಿನೆದುರು ಉಪನ್ಯಾಸ ಮಾಡಿ, ಬುದ್ಧಿಯಲ್ಲಿ ಕುಂದಿಲ್ಲದೆಯೂ ತಮ್ಮನ್ನು ತಾವು ಹಿಡಿದಿಡಲಾರದ ಮಕ್ಕಳನ್ನು ವರ್ಣಿಸಿದನು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರ್ಯಾಡ್ಲಿಯು, ಉತ್ತೇಜಕವೆನಿಸಿಕೊಂಡ ಔಷಧವೊಂದನ್ನು ಕೊಟ್ಟಾಗ ಇಂಥ ಕೆಲವು ಮಕ್ಕಳು ಶಾಂತರಾಗಿ ಕುಳಿತು ಪಾಠದಲ್ಲಿ ತೊಡಗಿದ ವಿಸ್ಮಯವನ್ನು ದಾಖಲಿಸಿದನು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು 1980ರಲ್ಲಿ ಅವಧಾನದ ಕೊರತೆಯನ್ನೇ ಇದರ ಮುಖ್ಯ ಲಕ್ಷಣವಾಗಿ ಗುರುತಿಸಿತು. 1987ರಲ್ಲಿ ಈಗಿನ ಹೆಸರು ಬಂದಿತು. 2013ರ ಆವೃತ್ತಿಯು ಪ್ರಾಪ್ತವಯಸ್ಕರಲ್ಲಿ ಇದನ್ನು ಗುರುತಿಸುವ ಮಾನದಂಡವನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಸ್ಮಾರ್ಟ್‌ಫೋನು ಹುಟ್ಟುವುದಕ್ಕೆ ಎರಡು ಶತಮಾನಗಳಷ್ಟು ಮುಂಚೆಯೇ ವೈದ್ಯರ ಕಣ್ಣಿಗೆ ಬಿದ್ದ ಈ ಸ್ಥಿತಿಯನ್ನು ಫೋನು ಉಲ್ಬಣಗೊಳಿಸಬಹುದೇ ಹೊರತು ಸೃಷ್ಟಿಸಿತೆಂದು ಹೇಳಲಾಗದು.

ಮನಸ್ಸು ಚಂಚಲವಲ್ಲದವರು ಯಾರು ಎಂದು ಕೇಳಬಹುದು. ಗೀತೆಯಲ್ಲಿ ಅರ್ಜುನನೇ ತನ್ನ ಮನಸ್ಸನ್ನು ನಿಗ್ರಹಿಸುವುದು ಗಾಳಿಯನ್ನು ಹಿಡಿಯುವಷ್ಟು ಕಷ್ಟವೆಂದು ದೂರಿಕೊಳ್ಳುತ್ತಾನೆ. ಕೃಷ್ಣನು ಅದನ್ನು ಅಲ್ಲಗಳೆಯದೆ, ಅಭ್ಯಾಸ ವೈರಾಗ್ಯಗಳಿಂದ ಅದು ಸಾಧ್ಯವೆನ್ನುತ್ತಾನೆ. ಚಾಂಚಲ್ಯವು ಮನುಷ್ಯಸಾಮಾನ್ಯವೆಂಬುದು ನಿಜ. ರಕ್ತದೊತ್ತಡವೂ ಮನುಷ್ಯಸಾಮಾನ್ಯವೇ, ಆದರೂ ಅದು ಒಂದು ಮಿತಿಯನ್ನು ಮೀರಿದಾಗ ನಾವು ವೈದ್ಯರಲ್ಲಿಗೆ ಹೋಗುತ್ತೇವೆ. ಹನ್ನೆರಡು ವರ್ಷದೊಳಗೇ ಲಕ್ಷಣಗಳು ತಲೆದೋರಿರಬೇಕು, ಅವು ಮನೆಯಲ್ಲಿಯೂ ಶಾಲೆಯಲ್ಲಿಯೂ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, ಬಾಳಿಗೆ ನಿಜವಾದ ಅಡ್ಡಿಯನ್ನುಂಟುಮಾಡುತ್ತಿರಬೇಕು ಎಂಬ ಕಟ್ಟುಪಾಡುಗಳು ಈ ನಿರ್ಣಯಕ್ಕೆ ಇರುವುದು ಸಾಮಾನ್ಯ ಚಾಂಚಲ್ಯವನ್ನು ಇದರಿಂದ ಬೇರ್ಪಡಿಸುವುದಕ್ಕಾಗಿಯೇ. ಅವಳಿ ಮಕ್ಕಳ ಅಧ್ಯಯನಗಳು ಇದರಲ್ಲಿ ವಂಶಾನುಗತಿಯ ಪಾಲು ನೂರಕ್ಕೆ 70ಕ್ಕಿಂತಲೂ ಮೇಲೆಂದು ತೋರಿಸಿವೆ. ಮಗನ ತಪಾಸಣೆಗೆ ಬಂದ ತಂದೆಯು ವೈದ್ಯರ ಪ್ರಶ್ನೆಗಳನ್ನು ಕೇಳುತ್ತ ಕೇಳುತ್ತ ತನ್ನ ತಾರುಣ್ಯದ ಚಿತ್ರವನ್ನೇ ಅದರಲ್ಲಿ ಕಾಣುವುದು ಅಪರೂಪವಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಫಿಲಿಪ್ ಷಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮಿದುಳಿನ ಮೇಲ್ಪದರವು ಬೆಳೆದು ಗರಿಷ್ಠ ದಪ್ಪವನ್ನು ಮುಟ್ಟುವ ಮಧ್ಯಕ ವಯಸ್ಸು ಇತರ ಮಕ್ಕಳಲ್ಲಿ ಏಳೂವರೆ ವರ್ಷವಾಗಿದ್ದರೆ ಈ ಮಕ್ಕಳಲ್ಲಿ ಹತ್ತೂವರೆಯಾಗಿತ್ತು. ಯೋಜನೆ, ಸಂಯಮ, ಅವಧಾನಗಳಿಗೆ ಆಧಾರವಾದ ಮುಂಭಾಗದಲ್ಲಿಯೇ ಈ ವಿಳಂಬವು ಅತ್ಯಧಿಕವಾಗಿ ಕಂಡಿತು. ಇದರಿಂದ ಹತ್ತೊಂಬತ್ತರ ತರುಣನು ಹದಿನಾರರವನೆಂದು ಲೆಕ್ಕ ಹಾಕತಕ್ಕದ್ದಲ್ಲ. ಆದರೆ ವಯಸ್ಸಿಗೆ ತಕ್ಕ ಬುದ್ಧಿಯಿದ್ದವನಿಗೆ ವಯಸ್ಸಿಗೆ ತಕ್ಕ ಸ್ವನಿರ್ವಹಣೆಯೂ ಇದ್ದೇತೀರಬೇಕೆಂಬ ನಮ್ಮ ನಂಬಿಕೆಗೆ ಆಧಾರವಿಲ್ಲವೆಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ.

ಈ ನ್ಯೂನತೆಯು ಜ್ಞಾನದಲ್ಲಿರದೆ, ಬಲ್ಲದ್ದನ್ನು ಸಕಾಲದಲ್ಲಿ ಮಾಡುವುದರಲ್ಲಿದೆ ಎಂಬುದು ಇದನ್ನು ದೀರ್ಘಕಾಲ ಅಭ್ಯಸಿಸಿದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿಯ ಮುಖ್ಯ ಪ್ರತಿಪಾದನೆ. ದೂರದ ಫಲವು ಇಂಥವರ ಮನಸ್ಸಿನ ಮೇಲೆ ಬೀರುವ ಸೆಳೆತವು ಬಹು ದುರ್ಬಲ. ಹತ್ತಿರದ ಫಲವು ಬೀರುವುದು ಅತಿ ಪ್ರಬಲ. ಮೂರು ತಿಂಗಳ ಆಚೆಯ ಪರೀಕ್ಷೆಯು ಅವರ ಪಾಲಿಗೆ ಇಲ್ಲವೇ ಇಲ್ಲ; ನಾಳಿನ ಪರೀಕ್ಷೆಯು ಇದ್ದಕ್ಕಿದ್ದಂತೆ ಎದುರು ನಿಂತ ಸಂಕಟ. ಇಷ್ಟವಾದ ವಿಷಯದಲ್ಲಿ ಊಟ ನಿದ್ರೆಗಳನ್ನು ಮರೆತು ಗಂಟೆಗಟ್ಟಲೆ ತಲ್ಲೀನನಾಗುವ ಅದೇ ಹುಡುಗನು ಇಷ್ಟವಿಲ್ಲದ ಒಂದು ಅರ್ಜಿಯನ್ನು ತುಂಬಲಾರದೆ ವಾರವನ್ನು ಕಳೆಯುವುದು ಈ ಕಾರಣದಿಂದ. ನೋಡುವವರಿಗೆ ಇದು ಕೇವಲ ಹಟವೆಂದು ತೋರುವುದೂ ಇದೇ ಕಾರಣದಿಂದ.

ಹಾಗಾದರೆ ಪಿಯುಸಿಯವರೆಗೆ ಎಲ್ಲವೂ ನೆಟ್ಟಗೆ ನಡೆದದ್ದು ಹೇಗೆ? ಮುಂಜಾನೆ ಐದಕ್ಕೆ ಎಬ್ಬಿಸುವ ತಾಯಿ, ಎದುರಿಗೇ ಲೆಕ್ಕ ಮಾಡಿಸುವ ಟ್ಯೂಷನ್ ಮೇಷ್ಟ್ರು, ವಾರಕ್ಕೊಂದು ಟೆಸ್ಟು, ಅಂಕ ಇಳಿದ ದಿನವೇ ಮನೆಗೆ ಬರುವ ಫೋನು, ಹಾಸ್ಟೆಲಿನಲ್ಲಾದರೆ ಸಂಜೆಯ ಸ್ಟಡಿ ಅವರ್ ಮತ್ತು ಬಾಗಿಲಲ್ಲಿ ನಿಂತ ವಾರ್ಡನ್: ಇವೆಲ್ಲ ಸೇರಿ ಆ ಹುಡುಗನ ಮಿದುಳು ಮಾಡಬೇಕಾಗಿದ್ದ ಕೆಲಸವನ್ನು ಹೊರಗಿನಿಂದ ಮಾಡುತ್ತಿದ್ದುವು. ದೂರದ ಫಲವನ್ನು ಪ್ರತಿದಿನವೂ ಹತ್ತಿರಕ್ಕೆ ತಂದು ನಿಲ್ಲಿಸುತ್ತಿದ್ದ ಈ ಏರ್ಪಾಡು ಕಾಲೇಜು ಸೇರಿದ ಒಂದೇ ವಾರದಲ್ಲಿ ಸಂಪೂರ್ಣವಾಗಿ ಕಳಚಿಬೀಳುತ್ತದೆ. ಅದೇ ವೇಳೆಗೆ, ಊರು ಹೊಸದು, ಪಿಜಿಯ ಕೋಣೆ ಹೊಸದು, ಪಾಠವೆಲ್ಲ ಇಂಗ್ಲಿಷಿನಲ್ಲಿ. ಬಟ್ಟೆ ಒಗೆಯುವುದರಿಂದ ಮೊದಲ್ಗೊಂಡು ಪರೀಕ್ಷಾಶುಲ್ಕ ಕಟ್ಟುವವರೆಗೆ ಎಲ್ಲವನ್ನೂ ತಾನೇ ನೆನಪಿಟ್ಟು ಮಾಡಬೇಕು. ಹಾಜರಿ ನೂರಕ್ಕೆ ಇಷ್ಟಿರಲೇಬೇಕೆಂಬ ನಿಯಮ ಒಂದು ಕಡೆ, ತರಗತಿಗೆ ಹೋದನೇ ಎಂದು ಕೇಳುವವರೇ ಇಲ್ಲದಿರುವುದು ಇನ್ನೊಂದು ಕಡೆ. ಆಸರೆಗಳನ್ನೆಲ್ಲ ಒಂದೇ ದಿನ ತೆಗೆದು ಭಾರವನ್ನು ಅದೇ ದಿನ ಇಮ್ಮಡಿಗೊಳಿಸಿ, ಆಮೇಲೆ ಕಟ್ಟಡ ಕುಸಿದುದಕ್ಕೆ ಇಟ್ಟಿಗೆಯನ್ನು ನಿಂದಿಸುವುದು ನ್ಯಾಯವಲ್ಲ.

ತೀರ್ಥಹಳ್ಳಿಯ ಕಡೆಯ ಅಡಿಕೆ ಬೆಳೆಗಾರರ ಮನೆಯ ತರುಣನೊಬ್ಬನನ್ನು ನಾನು ಹತ್ತಿರದಿಂದ ಬಲ್ಲೆ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅವನು ಪ್ರಯೋಗಶಾಲೆಯಲ್ಲಿ ಯಾರಿಗೂ ಕಡಮೆಯಿರಲಿಲ್ಲ; ಸರ್ಕ್ಯೂಟನ್ನು ಜೋಡಿಸಿ, ರೀಡಿಂಗ್ ತಪ್ಪಿದ ಪಕ್ಕದ ಬ್ಯಾಚಿನವರಿಗೂ ತಪ್ಪು ಎಲ್ಲಿದೆಯೆಂದು ತೋರಿಸಿಕೊಡುತ್ತಿದ್ದನು. ಆದರೆ ಆ ಪ್ರಯೋಗವನ್ನು ರೆಕಾರ್ಡಿನಲ್ಲಿ ಬರೆಯುವುದು, ಎಡಪುಟದಲ್ಲಿ ಪೆನ್ಸಿಲಿನ ಚಿತ್ರ, ಬಲಪುಟದಲ್ಲಿ ಉದ್ದೇಶ, ವಿಧಾನ, ಫಲಿತಾಂಶ, ಕೊನೆಗೆ ಮೇಷ್ಟ್ರ ಸೈನು ಎಂಬ ಆ ನಿಸ್ಸಾರವಾದ ಕೆಲಸವು, ವಾರದಿಂದ ವಾರಕ್ಕೆ ಬೆಳೆಯುತ್ತ ಹೋಗಿ, ಇಂಟರ್ನಲ್ಸಿನ ಹಿಂದಿನ ರಾತ್ರಿ ಎಂಟು ಪ್ರಯೋಗಗಳ ಖಾಲಿ ಪುಟಗಳಾಗಿ ಅವನೆದುರು ಬಿದ್ದಿತ್ತು. ಬೆಳಗಿನ ಜಾವದವರೆಗೆ ಐದನ್ನು ಬರೆದು, ಮೇಜಿನ ಮೇಲೆಯೇ ತಲೆಯಿಟ್ಟು ನಿದ್ರೆಹೋದನು; ಎದ್ದಾಗ ಲ್ಯಾಬ್ ಮುಗಿದಿತ್ತು. ಆ ಸಂಜೆಯೂ ಊರಿನಿಂದ ಎಂದಿನಂತೆ ಫೋನು ಬಂದಿತು. “ಓದ್ತಾ ಇದೀಯೇನೋ ಮಗ?” ಎಂದು ತಾಯಿ ಕೇಳಿದರು. “ಹೂಂ ಅಮ್ಮ, ಓದ್ತಾ ಇದೀನಿ” ಎಂದನು. ಈ ಉತ್ತರವನ್ನು ಸುಳ್ಳೆಂದು ಹೆಸರಿಸಿ ಕೋಪಿಸಿಕೊಳ್ಳುವುದು ಸುಲಭ. ಆದರೆ ಆ ಪ್ರಶ್ನೆಗೆ ಬೇರಾವ ಉತ್ತರಕ್ಕೂ ಎಡೆಯೇ ಇರಲಿಲ್ಲವೆಂಬುದನ್ನೂ, ಲಜ್ಜೆಯು ಮನುಷ್ಯನನ್ನು ಎಷ್ಟು ಬೇಗ ಒಂಟಿಯಾಗಿಸುತ್ತದೆಂಬುದನ್ನೂ ನೆನೆಯಬೇಕು.

ಅವನ ನೆರವಿಗೆ ಬಂದವಳು ಅದೇ ನಗರದಲ್ಲಿ ಉದ್ಯೋಗದಲ್ಲಿದ್ದ ಅಕ್ಕ. ವೈದ್ಯರ ತಪಾಸಣೆಯಾಗಿ ಕಾರಣ ತಿಳಿದ ಮೇಲೆ ಅವಳು ಉಪದೇಶವನ್ನು ಬಿಟ್ಟಳು. ತಮ್ಮನನ್ನು ಕೇಳಿ, ಅವನು ಒಪ್ಪಿದ ಮೇಲೆ, ರಾತ್ರಿ ಎಂಟಕ್ಕೆ ವಿಡಿಯೊ ಕರೆ ಮಾಡುವ ಪದ್ಧತಿಯೊಂದನ್ನು ಹಾಕಿಕೊಂಡಳು. “ಇವತ್ತು ಯಾವುದೋ? ಅದರಲ್ಲಿ ಮೊದಲು ಯಾವುದು?” ಎಂಬ ಎರಡು ಪ್ರಶ್ನೆಗಳಾದ ಮೇಲೆ ಮಾತಿಲ್ಲ, ಫೋನನ್ನು ಮೇಜಿಗೆ ಒರಗಿಸಿಟ್ಟು ಇವಳು ತನ್ನ ಆಫೀಸಿನ ಕೆಲಸವನ್ನು ಮಾಡುವಳು, ಅವನು ತನ್ನ ರೆಕಾರ್ಡನ್ನು ಬರೆಯುವನು, ಒಂಬತ್ತಕ್ಕೆ ಅವನು ಬರೆದ ಪುಟವನ್ನು ತೋರಿಸುವನು, ಕರೆ ಮುಗಿಯುವುದು. ಇದರಿಂದ ಪವಾಡವೇನೂ ನಡೆಯಲಿಲ್ಲ. ನಾಲ್ಕು ವರ್ಷದ ಪದವಿಗೆ ಐದು ವರ್ಷ ಹಿಡಿಯಿತು; ಗಣಿತದ ಒಂದು ಪತ್ರಿಕೆ ಕೊನೆಯವರೆಗೆ ಕಾಡಿತು. ಆದರೆ ಪದವಿ ಮುಗಿಯಿತು. ತಾನು ಕೆಟ್ಟವನಲ್ಲವೆಂಬ ನಂಬಿಕೆಯೂ ಅವನಲ್ಲಿ ಮರಳಿ ಹುಟ್ಟಿತು.

ಈ ಉದಾಹರಣೆಯಲ್ಲಿ ಅಡಗಿರುವ ತತ್ತ್ವವು ಇಷ್ಟು: ಸಂಕಲ್ಪವು ಮುರಿದುಬೀಳುವ ಸ್ಥಳ ಯಾವುದೋ, ಗಳಿಗೆ ಯಾವುದೋ, ನೆರವು ಆ ಸ್ಥಳದಲ್ಲಿ ಆ ಗಳಿಗೆಯಲ್ಲಿ ಇರಬೇಕು. ಭಾನುವಾರ ಬೆಳಿಗ್ಗೆ ಒಂದು ಗಂಟೆ ಕೊಟ್ಟ ಬುದ್ಧಿವಾದವು ಬುಧವಾರ ರಾತ್ರಿಯ ಖಾಲಿ ಪುಟದ ಮುಂದೆ ಉಪಯೋಗಕ್ಕೆ ಬರುವುದಿಲ್ಲ. ಏಕೆಂದರೆ ಆ ಬುದ್ಧಿವಾದದಲ್ಲಿ ಅವನಿಗೆ ತಿಳಿಯದ ವಿಷಯವೇ ಇರಲಿಲ್ಲ. ಕಾಲವನ್ನು ಕಣ್ಣಿಗೆ ಕಾಣುವಂತೆ ಮಾಡುವುದು, ಅಂದರೆ ಸೆಮಿಸ್ಟರಿನ ಎಲ್ಲ ತಾರೀಖುಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪವಾಗಿ ಬರೆದಿಡುವುದು. ದೊಡ್ಡ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಯುವ ತುಂಡುಗಳಾಗಿ ಒಡೆದು ಒಂದೊಂದಕ್ಕೂ ಒಂದು ದಿನವನ್ನೂ ಒಬ್ಬ ಸಾಕ್ಷಿಯನ್ನೂ ಗೊತ್ತುಮಾಡುವುದು. ‘ಇಂದು ಓದುತ್ತೇನೆ’ ಎಂಬ ಸಾಮಾನ್ಯ ನಿಶ್ಚಯಕ್ಕೆ ಬದಲು ‘ಊಟವಾದೊಡನೆ ಲೈಬ್ರರಿಯ ಕಿಟಕಿಯ ಪಕ್ಕದ ಮೇಜಿಗೆ ಹೋಗಿ ಎರಡನೆಯ ಮಾಡ್ಯೂಲಿನ ಮೊದಲ ಲೆಕ್ಕ ಮಾಡುತ್ತೇನೆ’ ಎಂಬ ಖಚಿತ ನಿಶ್ಚಯವನ್ನು ಬರೆದಿಡುವುದು. ನಿದ್ರೆಯ ವೇಳೆಯನ್ನು ಕಾಪಾಡುವುದು: ಇವು ನೋಡುವುದಕ್ಕೆ ಅಲ್ಪವಾದರೂ ಫಲದಲ್ಲಿ ಅಲ್ಪವಲ್ಲ. ಔಷಧವು ಬೇಕೇ ಬೇಡವೇ ಎಂಬುದನ್ನು ಮನೋವೈದ್ಯರೇ ನಿರ್ಣಯಿಸತಕ್ಕದ್ದು. ಮೀಥೈಲ್‌ಫೆನಿಡೇಟ್ ಎಂಬುದು ಅನೇಕರಿಗೆ ಗುಣಕಾರಿಯಾದ, ಆದರೆ ನಮ್ಮ ದೇಶದಲ್ಲಿ 1985ರ ಮಾದಕದ್ರವ್ಯ ಕಾನೂನಿನ ನಿಯಂತ್ರಣಕ್ಕೊಳಪಟ್ಟ ಮದ್ದು. ಉತ್ತೇಜಕವಲ್ಲದ ಅಟೊಮಾಕ್ಸೆಟಿನ್ ಮೊದಲಾದುವೂ ಉಂಟು. ಮದ್ದು ಅವಧಾನಕ್ಕೆ ಕೆಲವು ಗಂಟೆಗಳ ಸ್ಥಿರತೆಯನ್ನು ಕೊಟ್ಟೀತು. ಆ ಗಂಟೆಗಳನ್ನು ಯಾವುದಕ್ಕೆ ವಿನಿಯೋಗಿಸಬೇಕೆಂಬ ವ್ಯವಸ್ಥೆಯನ್ನು ಮಾತ್ರ ಮನುಷ್ಯರೇ ಕಟ್ಟಬೇಕು.

ನೆರವಿಗೆ ಒಂದು ಮೇರೆಯೂ ಉಂಟು. ಮಗನ ಅಸೈನ್‌ಮೆಂಟನ್ನು ತಾನೇ ಬರೆದುಕೊಡುವ ತಾಯಿಯೂ, ಅವನ ಪಾಸ್‌ವರ್ಡನ್ನು ಕಸಿದುಕೊಂಡು ದಿನವೂ ಹಾಜರಿ ನೋಡುವ ತಂದೆಯೂ, ಚಿಕ್ಕಪ್ಪನ ಮಗಳ ಅಂಕಗಳನ್ನು ಊಟದ ಹೊತ್ತಿನಲ್ಲಿ ಎತ್ತಿ ಹೇಳುವ ಬಂಧುಗಳೂ ಪ್ರೀತಿಯಿಂದಲೇ ಹಾಗೆ ಮಾಡುತ್ತಾರಾದರೂ, ಅವರು ಮಾಡುವುದು ನೆರವಲ್ಲ. ಹದಿನೆಂಟು ದಾಟಿದವನು ತನ್ನ ಬಾಳಿಗೆ ತಾನೇ ಒಡೆಯ. ಅವನ ಒಪ್ಪಿಗೆಯಿಲ್ಲದೆ ಹೂಡಿದ ಯಾವ ಏರ್ಪಾಡೂ ಒಂದು ತಿಂಗಳು ಬಾಳುವುದಿಲ್ಲ. ಆದುದರಿಂದ ಯಾವ ಗಳಿಗೆಯಲ್ಲಿ ಕೆಲಸ ಕೈತಪ್ಪುತ್ತದೆಂಬುದನ್ನು ಅವನ ಬಾಯಿಂದಲೇ ಕೇಳಿ, ಅಲ್ಲಿಗೆ ಎಂಥ ಆಸರೆ ಬೇಕೆಂಬುದನ್ನು ಅವನೇ ಆರಿಸಿಕೊಳ್ಳುವಂತೆ ಬಿಟ್ಟು, ಅದು ಸೋತಾಗ ಅವನನ್ನು ಜರೆಯದೆ ಏರ್ಪಾಡನ್ನು ತಿದ್ದುವುದು ಹಿರಿಯರ ಕರ್ತವ್ಯ.

ಇದಕ್ಕೆ ಬರುವ ಪೂರ್ವಪಕ್ಷಗಳಲ್ಲಿ ಮೂರನ್ನು ವಿಚಾರಿಸಬೇಕು. ಮೊದಲನೆಯದು, ಹೀಗೆ ಕೈಹಿಡಿದು ನಡೆಸಿದರೆ ಅವನು ಎಂದಿಗೂ ಸ್ವತಂತ್ರನಾಗಲಾರನು ಎಂಬುದು. ನಮ್ಮ ಮಲೆನಾಡಿನ ತೋಟಗಳಲ್ಲಿ ಕಾಳುಮೆಣಸಿನ ಎಳೆಯ ಬಳ್ಳಿಯನ್ನು ಅಡಿಕೆಮರಕ್ಕೆ ನಾರಿನಿಂದ ಕಟ್ಟುತ್ತಾರೆ. ಗಿಣ್ಣಿನ ಬೇರುಗಳು ಮರವನ್ನು ಕಚ್ಚಿಕೊಂಡಂತೆ ಕೆಳಗಿನ ಕಟ್ಟು ಅನಾವಶ್ಯಕವಾಗುತ್ತದೆ, ಹೊಸ ಚಿಗುರಿಗೆ ಮೇಲೆ ಇನ್ನೊಂದು ಕಟ್ಟು ಬೀಳುತ್ತದೆ. ಮರವಂತೂ ಕಡೆಯವರೆಗೂ ಇರುತ್ತದೆ, ಫಸಲು ಬಳ್ಳಿಯದೇ ಆಗಿರುತ್ತದೆ. ತರುಣನ ನೆರವೂ ಈ ಕ್ರಮದಲ್ಲಿಯೇ ಸಡಿಲವಾಗುತ್ತ, ಸ್ಥಾನ ಬದಲಿಸುತ್ತ ಹೋಗಬೇಕು. ಅದರ ಒಂದಂಶವು ಬಾಳಿನುದ್ದಕ್ಕೂ ಉಳಿದರೂ ಅದರಲ್ಲಿ ಅವಮಾನವಿಲ್ಲ. ಯಾರ ಆಸರೆಯೂ ಇಲ್ಲದೆ ಬೆಳೆದೆನೆಂದು ಹೇಳಬಲ್ಲ ವಿದ್ವಾಂಸನನ್ನಾಗಲಿ ಅಧಿಕಾರಿಯನ್ನಾಗಲಿ ತೋರಿಸುವುದು ಕಷ್ಟ.

ಎರಡನೆಯದು, ಒಬ್ಬನಿಗೆ ವಿಶೇಷ ಸೌಕರ್ಯ ಕೊಟ್ಟರೆ ಇತರರಿಗೆ ಅನ್ಯಾಯವಾಗುವುದಿಲ್ಲವೇ ಎಂಬುದು. ಪದವಿಯು ಪ್ರಮಾಣೀಕರಿಸಬೇಕಾದುದು ವಿಷಯಜ್ಞಾನವನ್ನು. ಆ ಮಟ್ಟವನ್ನು ಯಾರ ಸಲುವಾಗಿಯೂ ಇಳಿಸತಕ್ಕದ್ದಲ್ಲ, ಇಂಥ ವಿದ್ಯಾರ್ಥಿಗಳು ಅದನ್ನು ಕೇಳುವುದೂ ಇಲ್ಲ. ಗದ್ದಲವಿಲ್ಲದ ಕೋಣೆಯಲ್ಲಿ ಬರೆಯುವ ಅವಕಾಶ, ಒಂದು ದೊಡ್ಡ ಪ್ರಾಜೆಕ್ಟಿಗೆ ಒಂದೇ ಕೊನೆಯ ದಿನದ ಬದಲು ನಡುನಡುವೆ ನಾಲ್ಕು ಗಡುವುಗಳು, ಬಾಯಿಮಾತಿನ ಸೂಚನೆಗೆ ಬದಲು ಬರೆದುಕೊಟ್ಟ ಸೂಚನೆ: ಇವು ಪರೀಕ್ಷೆಯ ಕಾಠಿನ್ಯವನ್ನು ಕುಗ್ಗಿಸದೆ, ಜ್ಞಾನವು ಹೊರಗೆ ಬರುವ ದಾರಿಯಲ್ಲಿನ ಅಡ್ಡಿಯನ್ನು ಮಾತ್ರ ತೆಗೆಯುತ್ತವೆ. ನಡುವಣ ಗಡುವುಗಳಂತೂ ತರಗತಿಯ ಎಲ್ಲರಿಗೂ ಹಿತವೇ.

ಮೂರನೆಯದು, ರೋಗದ ಹೆಸರು ಸಿಕ್ಕೊಡನೆ ಹೊಣೆಯು ಜಾರಿಹೋಗುವುದೆಂಬ ಭಯ. ಈ ಭಯಕ್ಕೆ ಎಡೆಯುಂಟು. ನಿದಾನವನ್ನು ನೆಪವಾಗಿಸಿಕೊಳ್ಳುವವರೂ ಇದ್ದಾರು. ಆದರೆ ನಿದಾನವು ತಪ್ಪಿನ ಕಾರಣವನ್ನು ತಿಳಿಸುತ್ತದೆಯೇ ಹೊರತು ತಪ್ಪನ್ನು ಅಳಿಸುವುದಿಲ್ಲ. ಇಂಥ ತರುಣನಿಗೆ ಹೊಣೆಗಾರಿಕೆಯು ಇತರರಿಗಿಂತ ಕಡಮೆಯಾಗದೆ, ಇತರರಿಗಿಂತ ಹತ್ತಿರದ್ದಾಗಬೇಕು. ವರ್ಷಕ್ಕೊಮ್ಮೆ ಬರುವ ಭೀಕರ ಶಿಕ್ಷೆಗಿಂತ ದಿನಕ್ಕೊಮ್ಮೆ ಕೊಡುವ ಚಿಕ್ಕ ಲೆಕ್ಕವು ಅವನನ್ನು ಹೆಚ್ಚು ತಿದ್ದುತ್ತದೆ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಅವರಲ್ಲಿ ಅನೇಕರಿಗೆ ಮೈಯ ಚಟುವಟಿಕೆ ಹೆಚ್ಚಿರುವುದಿಲ್ಲ. ಕಿಟಕಿಯ ಆಚೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿಯನ್ನು ಸಾಧುವೆಂದು ಮೆಚ್ಚುವ ನಾವು, ಅವಳು ಎಲ್ಲರಿಗೂ ಸರಿಯಾಗಿ ಕಾಣಿಸಿಕೊಳ್ಳುವುದಕ್ಕೆ ರಾತ್ರಿಯೆಲ್ಲ ಎಷ್ಟು ದಣಿಯುತ್ತಿರುವಳೆಂಬುದನ್ನು ಕಾಣುವುದಿಲ್ಲ. ಆದುದರಿಂದ ಅವರ ನಿದಾನವು ತಡವಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. ಹಾಗೆಯೇ ವರ್ಷಗಟ್ಟಲೆಯ ಸೋಲು ನಿಂದೆಗಳಿಂದ ಖಿನ್ನತೆಯೂ ಉದ್ವೇಗವೂ ಈ ಸ್ಥಿತಿಯ ಜೊತೆಗೂಡುವುದು ಸಾಮಾನ್ಯ. ಮಗ ಅಥವಾ ಮಗಳು ಊಟ ನಿದ್ರೆಗಳನ್ನು ಬಿಟ್ಟು, ಮಾತು ಕಡಮೆಮಾಡಿ, ಬಾಳಿ ಪ್ರಯೋಜನವಿಲ್ಲವೆಂಬ ಧಾಟಿಯಲ್ಲಿ ಒಂದು ಮಾತಾಡಿದರೂ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಆ ದಿನವೇ ನೆರವನ್ನು ಹುಡುಕಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ನೆರವಿನ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ಹಗಲು ರಾತ್ರಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ಒಂದು ವರ್ಷ ನಿಂತು ಮುಂದುವರಿಯುವುದು, ಕೋರ್ಸನ್ನು ಬದಲಿಸುವುದು, ಇವು ಯಾವುವೂ ಒಂದು ಜೀವಕ್ಕೆ ಸಮನಾದ ನಷ್ಟಗಳಲ್ಲ.

ಮನೆಯವರ ಕೈಯಲ್ಲಿ ಇದೆಲ್ಲವೂ ಇಲ್ಲ. ಬೆಂಗಳೂರಿನಲ್ಲಿ ನಿಮ್ಹಾನ್ಸಿನಂಥ ಮಾನಸಿಕ ಆರೋಗ್ಯ ಸಂಸ್ಥೆಯುಳ್ಳ ನಮ್ಮ ನಾಡಿನಲ್ಲಿಯೂ, ಈ ಸ್ಥಿತಿಯ ತಿಳಿವಳಿಕೆಯು ಕಾಲೇಜಿನ ಸ್ಟಾಫ್ ರೂಮಿನವರೆಗೆ ಬಂದಿಲ್ಲ. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಪಟ್ಟಿಮಾಡಿ, ಕಲಿಕೆಯ ನಿರ್ದಿಷ್ಟ ತೊಡಕುಗಳನ್ನೂ ಆಟಿಸಮನ್ನೂ ಅದರಲ್ಲಿ ಸೇರಿಸಿದೆ; ಎ.ಡಿ.ಎಚ್.ಡಿ.ಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಇಂಥ ವಿದ್ಯಾರ್ಥಿಯು ವಿಶ್ವವಿದ್ಯಾನಿಲಯದ ಕಚೇರಿಗೆ ಪ್ರಮಾಣಪತ್ರವನ್ನು ಒಪ್ಪಿಸಿ ತಕ್ಕ ಏರ್ಪಾಡನ್ನು ಹಕ್ಕಿನಿಂದ ಕೇಳಬಲ್ಲನು. ಇಲ್ಲಿ ಅವನು ಒಬ್ಬೊಬ್ಬ ಅಧ್ಯಾಪಕರ ಸೌಜನ್ಯವನ್ನೇ ನಂಬಬೇಕು. ಕಾನೂನು ತಿದ್ದುಪಡಿಯಾಗಬೇಕು, ಆದರೆ ಅದಕ್ಕಾಗಿ ಕಾಯದೆಯೂ ಕಾಲೇಜುಗಳು ಮಾಡಬಹುದಾದ ಕೆಲಸ ಬಹಳಷ್ಟಿದೆ. ಮೆಂಟರ್ ಎಂಬ ಹೆಸರಿನಲ್ಲಿ ಸಹಿ ಹಾಕುವುದಕ್ಕಷ್ಟೇ ಇರುವ ಅಧ್ಯಾಪಕರು ಮೊದಲ ಸೆಮಿಸ್ಟರಿನ ಮೂರನೆಯ ವಾರದಲ್ಲಿಯೇ ಹಾಜರಿ ಪುಸ್ತಕವನ್ನು ನೋಡಿ, ತಪ್ಪಿಸಿಕೊಳ್ಳುತ್ತಿರುವವನನ್ನು ಕರೆದು ದಂಡಿಸದೆ ಮಾತಾಡಿಸಿದರೆ, ಮೂರು ವಿಷಯಗಳ ಬಾಕಿಯು ಒಂದಕ್ಕೆ ಇಳಿದೀತು.

ನಾಗರಿಕ ಸಮಾಜವೊಂದು ತನ್ನ ಪ್ರತಿಭಾವಂತರನ್ನು ಕಳೆದುಕೊಳ್ಳುವುದು ಬಡತನದಿಂದ ಮಾತ್ರವಲ್ಲ, ತಪ್ಪು ನಿದಾನದಿಂದಲೂ ಕೂಡ. ಬುದ್ಧಿಯುಳ್ಳ, ದುಡಿಯುವ ಇಚ್ಛೆಯುಳ್ಳ ಒಬ್ಬ ತರುಣನನ್ನು ಸೋಮಾರಿಯೆಂದು ಹತ್ತು ಬಾರಿ ಕರೆದರೆ ಹನ್ನೊಂದನೆಯ ಬಾರಿ ಅವನೇ ಅದನ್ನು ನಂಬುತ್ತಾನೆ. ಆ ನಂಬಿಕೆಯನ್ನು ಬಿಡಿಸುವುದು ಮೂಲದ ನ್ಯೂನತೆಗೆ ಚಿಕಿತ್ಸೆ ಮಾಡುವುದಕ್ಕಿಂತ ಕಷ್ಟವಾದ ಕೆಲಸ. ಆದುದರಿಂದ ಅವನಿಗೆ ಮನಸ್ಸಿದೆಯೇ ಎಂದು ಪರೀಕ್ಷಿಸುವ ಹವ್ಯಾಸವನ್ನು ತಂದೆತಾಯಿಗಳೂ ಗುರುಗಳೂ ಇನ್ನಾದರೂ ತೊರೆದು, ಮನಸ್ಸಿದೆಯೆಂದೇ ಭಾವಿಸಿ, ಆ ಮನಸ್ಸು ಕಾರ್ಯವಾಗಿ ಪರಿಣಮಿಸುವುದಕ್ಕೆ ಈ ವಾರ ಯಾವ ಗಳಿಗೆಯಲ್ಲಿ ತಾವು ಅವನ ಪಕ್ಕದಲ್ಲಿರಬಲ್ಲೆವೆಂದು ಯೋಚಿಸುವುದು ತಕ್ಕುದು. ಮಾರ್ಗವನ್ನು ಅವನೇ ನಡೆಯಬೇಕು. ಅದನ್ನು ಹಾಕಿಕೊಡುವುದರಲ್ಲಿ ನಮ್ಮದೂ ಒಂದು ಪಾಲಿದೆ.